ಒಳಗಿನ ಐಪಿಗಳ ರಿವರ್ಸ್ ಲುಕಪ್ ಹೊರಗೆ ಹೋಗಲು ಬಿಡಬೇಡಿ

ನಿಮ್ಮ ನೆಟ್‌ವರ್ಕ್‌ನಲ್ಲಿ ಪ್ರೈವೇಟ್ ಐಪಿಗಳಿದ್ದು (ಒಳಗಷ್ಟೇ ಬಳಸುವ ವಿಳಾಸಗಳು), ಹೆಸರು-ಐಪಿ ಹೊಂದಿಸಿ ಹೇಳುವ ಡಿಎನ್‌ಎಸ್ ಸರ್ವರ್ ನೀವೇ ನೋಡಿಕೊಳ್ಳುತ್ತಿದ್ದರೆ ದಯವಿಟ್ಟು ಇದನ್ನು ಓದಿ. ರಿವರ್ಸ್ ಲುಕಪ್ ಅಂದರೆ ಐಪಿ ಕೊಟ್ಟು ಅದರ ಹೆಸರು ಕೇಳುವುದು. ನನಗೆ ಇದರಲ್ಲೇ ಒಂದು ವಾರ ಹೋಯಿತು.

ಎಸ್‌ಎಸ್‌ಎಚ್‌ನಲ್ಲಿ ದೂರದ ಸರ್ವರ್‌ಗೆ ಲಾಗಿನ್ ಆಗಲು ಹೋದರೆ ಸುಮಾರು 10 ಸೆಕೆಂಡ್ ಏನೂ ಆಗುತ್ತಿರಲಿಲ್ಲ. ಆಮೇಲೆ ಎಲ್ಲ ಸರಾಗ. ಕೇಬಲ್ ಬದಲಿಸಿದೆ, ಸ್ವಿಚ್ ಪರೀಕ್ಷಿಸಿದೆ. ಕೊನೆಗೆ ಸರ್ವರ್‌ನಲ್ಲಿ ಯೂಸ್‌ಡಿಎನ್‌ಎಸ್ (ಬಂದವರ ಐಪಿಯ ಹೆಸರು ಹುಡುಕುವ ಸೆಟ್ಟಿಂಗ್) ಆಫ್ ಮಾಡಿದಾಗ ಲಾಗಿನ್ ತಟ್ಟನೆ ಆಯಿತು. ಸರಿಹೋಯಿತು ಅಂದುಕೊಂಡು ಅಲ್ಲಿಗೇ ಬಿಟ್ಟೆ. ಅದೇ ನನ್ನ ದೊಡ್ಡ ತಪ್ಪು. ಎರಡು ದಿನದಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಕನೆಕ್ಷನ್‌ಗಳೂ ಹಾಗೇ ತಡವಾಗತೊಡಗಿದವು. ಬಂದವರ ಐಪಿಗೆ ಹೆಸರೇನು ಎಂದು ಅದೂ ಡಿಎನ್‌ಎಸ್ ಅನ್ನೇ ಕೇಳುತ್ತದೆ, ಅಲ್ವಾ?

ಆಗ ಐಪಿಯ ಹೆಸರು ಕೇಳುವ 'ಡಿಗ್ -ಎಕ್ಸ್ 10.5.0.14' ಕಮಾಂಡ್ ಹೊಡೆದೆ. ಕರ್ಸರ್ ಸುಮ್ನೆ ಮಿನುಗುತ್ತಾ ನಿಂತಿತು. ಹೆಸರೂ ಬರಲಿಲ್ಲ, 'ಅಂಥ ಹೆಸರಿಲ್ಲ' ಎಂಬ ಉತ್ತರವೂ ಬರಲಿಲ್ಲ. 'ಇಲ್ಲ' ಅಂತ ಬಂದಿದ್ದರೆ ಯಾವ ಪ್ರೋಗ್ರಾಮೂ ಕಾಯುತ್ತಿರಲಿಲ್ಲ. ನಮ್ಮ ಡಿಎನ್‌ಎಸ್ ಸಾಫ್ಟ್‌ವೇರ್ ಬೈಂಡ್‌ನ ಕಾನ್ಫಿಗ್‌ನಲ್ಲಿ ಯಾರೋ ಹಿಂದೆ ಎಂಪ್ಟಿ-ಝೋನ್ಸ್-ಎನೇಬಲ್ (ಪ್ರೈವೇಟ್ ಐಪಿಗಳಿಗೆ ತಾನೇ 'ಇಲ್ಲ' ಅನ್ನುವ ಸೆಟ್ಟಿಂಗ್) ಅನ್ನು 'ನೋ' ಮಾಡಿಟ್ಟಿದ್ದರು. ಹಾಗಾಗಿ ನಮ್ಮ ಒಳಗಿನ ಐಪಿಗಳ ಪ್ರಶ್ನೆಗಳೆಲ್ಲ ಹೊರಗಿನ ಫಾರ್ವರ್ಡರ್‌ಗೆ (ನಮ್ಮ ಸರ್ವರ್ ಪ್ರಶ್ನೆ ದಾಟಿಸುವ ಬೇರೆ ಡಿಎನ್‌ಎಸ್ ಸರ್ವರ್‌ಗೆ) ಹೋಗುತ್ತಿದ್ದವು. ಅದು ಉತ್ತರವನ್ನೇ ಕೊಡುತ್ತಿರಲಿಲ್ಲ. ನಮ್ಮಲ್ಲಿ ಯಾವ್ಯಾವ ಐಪಿ ಇದೆ ಅನ್ನುವುದು ಮಾತ್ರ ಅಷ್ಟು ದಿನ ಹೊರಗಿನವರಿಗೆ ಕಾಣುತ್ತಿತ್ತು. ನನಗೆ ಜಾಸ್ತಿ ಬೇಜಾರಾಗಿದ್ದು ಇದಕ್ಕೇ.

ಸರಿಪಡಿಸುವ ಆತುರದಲ್ಲಿ ಇನ್ನೊಂದು ಎಡವಟ್ಟು ಮಾಡಿದೆ. ನಮ್ಮದು 10.5ರಿಂದ ಶುರುವಾಗುವ ಐಪಿಗಳು ಮಾತ್ರ. ನಾನು ಇಡೀ '10.ಇನ್-ಆಡ್ರ್.ಆರ್ಪಾ' ಝೋನ್ (10ರಿಂದ ಶುರುವಾಗುವ ಎಲ್ಲ ಐಪಿಗಳ ರಿವರ್ಸ್ ಪಟ್ಟಿ) ಮಾಡಿ ನಮ್ಮ ಪಿಟಿಆರ್ ರೆಕಾರ್ಡ್‌ಗಳನ್ನು (ಐಪಿಗೆ ಹೆಸರು ಹೇಳುವ ದಾಖಲೆಗಳು) ಹಾಕಿದೆ. ನಮ್ಮ ಹೆಸರುಗಳು ಬಂದವು, ಆದರೆ ಇನ್ನೊಂದು ಶಾಖೆಯ 10.20ರ ಹೆಸರುಗಳೆಲ್ಲ ಮಾಯ! ಅದಕ್ಕೆ ಫಾರ್ವರ್ಡ್ ಝೋನ್ (ಆ ಪ್ರಶ್ನೆಗಳನ್ನು ಬೇರೆ ಸರ್ವರ್‌ಗೆ ದಾಟಿಸುವ ಸೆಟ್ಟಿಂಗ್) ಮೊದಲಿಂದಲೂ ಇತ್ತು. ಆದರೆ ಮೇಲಿನ ಝೋನ್ ತನ್ನದೇ ಆದಾಗ, ಅದರೊಳಗೆ '20.10'ಕ್ಕೆ (10.20ರ ತಿರುಗಿಸಿದ ರೂಪ) ಎನ್‌ಎಸ್ ರೆಕಾರ್ಡ್ (ಆ ಭಾಗ ಯಾವ ಸರ್ವರ್‌ಗೆ ಸೇರಿದ್ದು ಎಂಬ ದಾಖಲೆ) ಇಲ್ಲದಿದ್ದರೆ ಬೈಂಡ್ ಆ ಫಾರ್ವರ್ಡ್ ಕಡೆ ತಿರುಗಿಯೂ ನೋಡುವುದಿಲ್ಲ. ತಾನೇ 'ಇಲ್ಲ' ಅಂದುಬಿಡುತ್ತದೆ. ಎನ್‌ಎಸ್ ರೆಕಾರ್ಡ್ ಸೇರಿಸಿದ ಮೇಲೆ ಎರಡೂ ಕಡೆಯ ಹೆಸರು ಸಿಕ್ಕವು.

ಅನ್‌ಬೌಂಡ್ ಎಂಬ ಇನ್ನೊಂದು ಡಿಎನ್‌ಎಸ್ ಸಾಫ್ಟ್‌ವೇರ್ ಬಳಸುವವರಿಗೆ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಅದು ಪ್ರೈವೇಟ್ ಐಪಿಗಳಿಗೆ ತಾನಾಗಿಯೇ 'ಇಲ್ಲ' ಅನ್ನುತ್ತದೆ. ಸ್ಟಬ್-ಝೋನ್ (ಯಾವ ಸರ್ವರ್‌ಗೆ ಕೇಳಬೇಕು ಎಂಬ ಸೆಟ್ಟಿಂಗ್) ಬರೆದರೆ ಸಾಲದು, ತಾನಾಗಿಯೇ 'ಇಲ್ಲ' ಅನ್ನುವುದನ್ನು ನಿಲ್ಲಿಸಲು ಆ ಲೋಕಲ್-ಝೋನ್‌ಗೆ 'ನೋಡಿಫಾಲ್ಟ್' ಅಂತಲೂ ಹಾಕಬೇಕು. 172ರವರು ಇನ್ನೂ ಹುಷಾರಾಗಿರಿ. 172.16ರಿಂದ 172.31ರವರೆಗೆ 16 ಬೇರೆ ಬೇರೆ ರಿವರ್ಸ್ ಝೋನ್‌ಗಳಿವೆ, ತಾನಾಗಿಯೇ 'ಇಲ್ಲ' ಅನ್ನುವುದು ಆಫ್ ಆಗಿದ್ದರೆ ಒಂದು ಬಿಟ್ಟರೂ ಆ ಪ್ರಶ್ನೆಗಳು ಹೊರಗೆ ಹೋಗಬಹುದು.

ಹೊರಗೆ ಹೋಗುವ ಇಂಟರ್‌ಫೇಸ್‌ನಲ್ಲಿ ಡಿಎನ್‌ಎಸ್ ಬಳಸುವ ಪೋರ್ಟ್ 53ಕ್ಕೆ ಟಿಸಿಪಿಡಂಪ್ (ಹೋಗಿಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟೂಲ್) ಹಾಕಿ ಹತ್ತು ನಿಮಿಷ ನೋಡಿ. ನಿಮ್ಮ ಐಪಿ ತಿರುಗುಮುರುಗಾಗಿ ಆರ್ಪಾ ಜೊತೆ ಕಂಡರೆ, ನಿಮ್ಮಲ್ಲೂ ಸೋರುತ್ತಿದೆ.