ಲಿನಕ್ಸ್ ಮಿಂಟ್ ಇರುವ ಮನೆಗೆ ಫೈಬರ್ ಇಂಟರ್ನೆಟ್: ಲೈನ್ ಚೆನ್ನಾಗಿದೆ, ಹೆಲ್ಪ್‌ಲೈನ್ ಸುಧಾರಿಸಬೇಕು

ಸಾಗರ ತಾಲ್ಲೂಕಿನ ನಮ್ಮೂರಿಗೆ ಕೇಬಲ್ ಟಿವಿಯವರೇ ಈಗ ಫೈಬರ್ ಇಂಟರ್ನೆಟ್ ಕೊಡುತ್ತಿದ್ದಾರೆ. ನಾನು ತೆಗೆದುಕೊಂಡಿದ್ದು 100 ಎಂಬಿಪಿಎಸ್ ಪ್ಲಾನ್. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ಹಾಗಾಗಿ ವಿಂಡೋಸ್ 11 ಕೂರುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಹಾಗಾಗಿ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ 22 ಹಾಕಿಕೊಂಡೆ. ಶಾಲೆಯ ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲ ಅದರಲ್ಲೇ ಸಲೀಸಾಗಿ ನಡೆಯುತ್ತಿದೆ.

ಲೈನ್ ಎಳೆಯಲು ಬಂದ ಹುಡುಗನ ಕೈಕೆಲಸ ಮೆಚ್ಚಲೇಬೇಕು. ಕೇಬಲ್ ಸುಲಿದು, ಒಳಗಿನ ಕೂದಲೆಳೆಯಂಥ ಗಾಜನ್ನು ಸ್ಪಿರಿಟ್‌ನಿಂದ ಒರೆಸಿ, ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಮಷೀನಿನಲ್ಲಿಟ್ಟು ಬೆಸೆದ. ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಮೈನಸ್ 19 ಡಿಬಿಎಂ ತೋರಿಸಿತು. ಮೈನಸ್ 27ರ ಹತ್ತಿರ ಹೋದರೆ ಲೈನ್ ತೊಂದರೆ ಕೊಡುತ್ತದೆ, ಹಾಗಾಗಿ ಇದು ಒಳ್ಳೆಯ ಸಿಗ್ನಲ್. ಫೈಬರ್ ಬಂದು ಸೇರುವ ಒಎನ್‌ಟಿ ಡಬ್ಬಿಯ (ಮನೆಯ ಫೈಬರ್ ಮೋಡೆಮ್) ಹಸಿರು ದೀಪ ಹತ್ತಿತು.

ತಕರಾರು ಶುರುವಾಗಿದ್ದು ಲ್ಯಾಪ್‌ಟಾಪ್ ತೆರೆದಾಗ.

“ಮೇಡಂ, ವಿಂಡೋಸ್ ಇಲ್ವಾ? ನಮ್ ಡಯಲರ್ ಇದ್ರಲ್ಲಿ ಓಡಲ್ಲ. ವಿಂಡೋಸ್ ಹಾಕ್ಸಿ ಫೋನ್ ಮಾಡಿ” ಎಂದು, ಇಂಟರ್ನೆಟ್‌ಗೆ ಲಾಗಿನ್ ಮಾಡಿಸುವ ಆ ಸಾಫ್ಟ್‌ವೇರ್ ಇದ್ದ ಪೆನ್‌ಡ್ರೈವ್ ಜೇಬಿಗಿಳಿಸಿದ.

“ಡಯಲರ್ ಬೇಡಪ್ಪಾ. ಯೂಸರ್ ಐಡಿ, ಪಾಸ್‌ವರ್ಡ್ ಬರೆದುಕೊಡು, ಸಾಕು” ಅಂದೆ.

ಆಫೀಸಿನವರು ಮೊದಲು ಒಪ್ಪಲಿಲ್ಲ. ನಾನೇ ಫೋನ್ ತೆಗೆದುಕೊಂಡು ಮಾತಾಡಿದ ಮೇಲೆ ರಸೀದಿಯ ಹಿಂದೆ ಬರೆದುಕೊಟ್ಟ.

ಆ ಡಯಲರ್ ಮಾಡುವ ಕೆಲಸ ಪಿಪಿಪಿಒಇ ಲಾಗಿನ್, ಅಂದರೆ ಐಡಿ ಪಾಸ್‌ವರ್ಡ್ ಕೊಟ್ಟು ಕಂಪನಿಯ ಲೈನಿಗೆ ಸೇರುವುದು, ಅಷ್ಟೇ. ಅದು 1999ರಲ್ಲೇ ಪ್ರಕಟವಾದ, ಎಲ್ಲರಿಗೂ ತೆರೆದಿರುವ ವಿಧಾನ. ಲಿನಕ್ಸ್‌ನಲ್ಲೂ ಅದಕ್ಕೆ ಅನುಕೂಲವಿದೆ. ಮಿಂಟ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ, ಪ್ಲಸ್ ಒತ್ತಿ, ಡಿಎಸ್‌ಎಲ್/ಪಿಪಿಪಿಒಇ ಆರಿಸಿ, ಐಡಿ ಪಾಸ್‌ವರ್ಡ್ ತುಂಬಿದೆ. ಆ ಹುಡುಗ ನೋಡುತ್ತಿದ್ದಂತೆಯೇ ಇಂಟರ್ನೆಟ್ ಬಂತು. ಆಮೇಲೆ ಅವನ ಕೈಯಲ್ಲೇ ಅದೇ ವಿವರಗಳನ್ನು ಒಎನ್‌ಟಿಯೊಳಗೆ ಹಾಕಿಸಿ ರೂಟರ್ ಮೋಡ್‌ಗೆ ತಂದೆ. ಈಗ ಲಾಗಿನ್ ಆಗುವುದು ಡಬ್ಬಿಯೇ. ಲ್ಯಾಪ್‌ಟಾಪ್, ಫೋನ್, ಟಿವಿ ಎಲ್ಲ ವೈಫೈ ಹಿಡಿದರೆ ಮುಗಿಯಿತು. ಮೊದಲೇ ಹೀಗೆ ಮಾಡಿಕೊಟ್ಟರೆ ಯಾವ ಗಿರಾಕಿಗೂ ಡಯಲರ್ ಗೊಡವೆಯೇ ಇರುವುದಿಲ್ಲ. ಇದನ್ನು ಹೇಳಿಕೊಡದೆ ಹುಡುಗರನ್ನು ಮನೆಮನೆಗೆ ಕಳಿಸುವುದು ತಪ್ಪು.

ಸ್ಪೀಡ್ ಬಗ್ಗೆ ದೂರಿಲ್ಲ, ಸಂಜೆ ಹೊತ್ತಿಗೂ 90 ದಾಟುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗುವ ನಮ್ಮಂಥ ಕಡೆ ಒಎನ್‌ಟಿಗೊಂದು ಚಿಕ್ಕ 12 ವೋಲ್ಟ್ ಯುಪಿಎಸ್ ಇಟ್ಟುಕೊಳ್ಳಿ.

ಹೆಲ್ಪ್‌ಲೈನ್ ಮಾತ್ರ ಬೇಸರ ತರಿಸುತ್ತದೆ. ಒಎನ್‌ಟಿಯ ಲಾಸ್ (LOS) ದೀಪ ಕೆಂಪಗೆ ಮಿನುಗಿದರೆ ಡಬ್ಬಿಗೆ ಬೆಳಕು ತಲುಪುತ್ತಿಲ್ಲ ಎಂದರ್ಥ, ಕಂಪ್ಯೂಟರಿಗೂ ಅದಕ್ಕೂ ಸಂಬಂಧವೇ ಇಲ್ಲ. ಆಗಲೂ ಅವರು “ಸ್ಟಾರ್ಟ್ ಒತ್ತಿ, ಕಂಟ್ರೋಲ್ ಪ್ಯಾನೆಲ್ ತೆಗೀರಿ” ಎನ್ನುತ್ತಾರೆ. ಲಿನಕ್ಸ್ ಎಂದರೆ ದೂರನ್ನೇ ಬರೆದುಕೊಳ್ಳುವುದಿಲ್ಲ. ಕೊನೆಗೆ ಲೈನ್‌ಮನ್‌ಗೇ ಫೋನ್ ಮಾಡಿದೆ. ಕೊಂಬೆ ಬಿದ್ದು ತುಂಡಾಗಿದ್ದ ಕೇಬಲನ್ನು ಅವರು ಅದೇ ಸಂಜೆ ಜೋಡಿಸಿಕೊಟ್ಟರು.

ಐದಕ್ಕೆ ಮೂರೂವರೆ ಕೊಡುತ್ತೇನೆ. ತೆಗೆದುಕೊಳ್ಳುವವರು ದುಡ್ಡು ಕಟ್ಟುವ ಮೊದಲೇ ಯೂಸರ್ ಐಡಿ ಬರೆಸಿಕೊಳ್ಳಿ, ಲೈನ್‌ಮನ್ ನಂಬರನ್ನೂ ಕೇಳಿ ಇಟ್ಟುಕೊಳ್ಳಿ.