ಹಳೆಯ ಮನೆ ಕೊಳ್ಳುವವರು ವಾರ್ಸಾದಲ್ಲಿ ಇಲ್ಲದ ಹೆಸರನ್ನು ಮೊದಲು ಹುಡುಕಬೇಕು

ಧಾರವಾಡದ ಹಳೆಯ ಓಣಿಯೊಂದರಲ್ಲಿ 2018ರಲ್ಲಿ ನಾವು ಕೊಂಡ ಮನೆಯ ಮೇಲೆ ಈಗ ಪಾಲಿನ ದಾವೆ ನಡೆದಿದೆ. ದಾವೆ ಹೂಡಿದವರು ನಾವು ಎಂದೂ ನೋಡಿರದ, ಹೆಸರನ್ನೂ ಕೇಳಿರದ ಒಂದು ಕುಟುಂಬದವರು. ಅವರ ತಾಯಿ ಇದೇ ಮನೆಯಲ್ಲಿ ಹುಟ್ಟಿ ಬೆಳೆದವರು. ವಕೀಲರಿಗೆ ಕಾಗದಪತ್ರ ತೋರಿಸಿ, ಬ್ಯಾಂಕಿನಿಂದ ಸಾಲ ಪಡೆದು, ಎಲ್ಲವೂ ಸರಿಯಾಗಿದೆ ಎಂಬ ನಂಬಿಕೆಯಿಂದಲೇ ನಾವು ಖರೀದಿ ಮಾಡಿದ್ದೆವು. ಎಲ್ಲಿ ತಪ್ಪಿದೆವು ಎಂಬುದು ತಡವಾಗಿ ತಿಳಿಯಿತು: ವಾರ್ಸಾದಲ್ಲಿ, ಅಂದರೆ ಮಾಲೀಕರು ಸತ್ತ ಮೇಲೆ ವಾರಸುದಾರರ ಹೆಸರು ಸೇರಿಸುವ ದಾಖಲೆಯಲ್ಲಿ, ಯಾರ ಹೆಸರು ಬಿಟ್ಟುಹೋಗಿದೆ ಎಂದು ನಾವು ನೋಡಿರಲಿಲ್ಲ. ಹಳೆಯ ಮನೆ ಕೊಳ್ಳುವ ಆಸೆಯುಳ್ಳವರು ಮುಂಗಡ ಕೊಡುವ ಮೊದಲೇ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಸಾಗವಾನಿ ಕಂಬಗಳ ಪಡಸಾಲೆ, ಎರಡು ಆಳೆತ್ತರದ ತಲೆಬಾಗಿಲು, ಹಿತ್ತಲಲ್ಲಿ ಬಾವಿ ಇರುವ ಮನೆ ಅದು. ತೋರಿಸಲು ಬಂದ ಏಜೆಂಟರು ಮೂಲೆಯಲ್ಲಿ ಬಿದ್ದಿದ್ದ ಹೆಂಚೊಂದನ್ನು ಎತ್ತಿ ನನ್ನ ಕೈಗಿತ್ತು, "ನೋಡ್ರಿ, ಇಸವಿ ಹೆಂಚಿನ ಮ್ಯಾಲೇ ಐತಿ, ಒಂದೂವರೆ ನೂರು ವರ್ಷದ ಮನಿ" ಎಂದರು. ಬಾಸೆಲ್ ಮಿಶನ್ ಹೆಸರಿನ ಜೊತೆ 1865 ಎಂಬ ಅಂಕಿ ಅದರಲ್ಲಿ ಸ್ಪಷ್ಟವಾಗಿ ಅಚ್ಚೊತ್ತಿತ್ತು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಆರಂಭವಾದ ವರ್ಷವೆಂದೂ, ಎಷ್ಟೋ ದಶಕಗಳ ಮೇಲೆ ಸುಟ್ಟ ಹೆಂಚಿನ ಮೇಲೂ ಅದೇ ಅಂಕಿ ಇರುತ್ತದೆಂದೂ ನನಗೆ ಆಮೇಲೆ ಗೊತ್ತಾಯಿತು. ಮನೆಯ ಚರಿತ್ರೆಯ ಬಗ್ಗೆ ನಮಗೆ ಹೇಳಿದ ಮೊದಲ ಮಾತೇ ತಪ್ಪಾಗಿತ್ತು. ಉಳಿದ ಮಾತುಗಳನ್ನೂ ನಾವು ಹಾಗೆಯೇ ನಂಬಿದೆವು.

ಸಿಟಿ ಸರ್ವೆ ಕಚೇರಿಯ ಉತಾರದಲ್ಲಿ, ಅಂದರೆ ಆಸ್ತಿ ದಾಖಲೆಯ ನಕಲಿನಲ್ಲಿ, ಮಾಲೀಕರ ಹೆಸರುಗಳು ಒಂದರ ಕೆಳಗೊಂದು ಬರೆದಿರುತ್ತವೆ. ಹೊಸ ಹೆಸರು ಸೇರಿದಾಗ ಹಳೆಯದಕ್ಕೆ ಕಂಸ ಬೀಳುತ್ತದೆ. ನಮ್ಮ ಮನೆಯ ಉತಾರದ ಪ್ರಕಾರ, ಕಟ್ಟಿಸಿದವರಿಂದ ಅದನ್ನು 1938ರಲ್ಲಿ ಒಬ್ಬ ವ್ಯಾಪಾರಿ ಖರೀದಿಸಿದ್ದರು. ಅವರು 1976ರಲ್ಲಿ ಮೃತ್ಯುಪತ್ರ ಬರೆಯದೆ ತೀರಿಕೊಂಡ ಮೇಲೆ ವಾರ್ಸಾ ಪ್ರಕಾರ ಇಬ್ಬರು ಗಂಡುಮಕ್ಕಳ ಹೆಸರು ದಾಖಲಾಗಿದೆ. ಮುಂದೆ ಅಣ್ಣತಮ್ಮಂದಿರು ಬಿಳಿ ಹಾಳೆಯ ಮೇಲೆ ವಾಟ್ನಿ, ಅಂದರೆ ಪಾಲಿನ ಪತ್ರ, ಬರೆದುಕೊಂಡು ವರದಿ ಕೊಟ್ಟದ್ದರಿಂದ ತಮ್ಮನ ಹೆಸರು ಹೋಗಿ ಅಣ್ಣನೊಬ್ಬನದೇ ಉಳಿದಿದೆ. ಅಣ್ಣನ ಮಕ್ಕಳು 2012ರಲ್ಲಿ ಮನೆಯನ್ನು ಮಾರಿದರು, ಅದಕ್ಕೆ ತಮ್ಮನ ಮಕ್ಕಳು ಒಪ್ಪಿಗೆಯ ಸಹಿ ಹಾಕಿದರು. ಆಗ ಕೊಂಡವರು ಆರು ವರ್ಷಗಳ ನಂತರ ನಮಗೆ ಮಾರಿದರು. ನೋಡಲು ಎಲ್ಲಿಯೂ ಕೊಂಡಿ ತಪ್ಪಿದಂತೆ ಕಾಣುತ್ತಿರಲಿಲ್ಲ.

ಆದರೆ ಆ ವ್ಯಾಪಾರಿಗೆ ಒಬ್ಬ ಮಗಳೂ ಇದ್ದರು. ಅವರನ್ನು ಮಿರಜಿಗೆ ಮದುವೆ ಮಾಡಿ ಕೊಟ್ಟಿದ್ದರು. ಕೊಟ್ಟ ಹೆಣ್ಣು ಹೊರಗಿನವಳು ಎಂಬ ಭಾವನೆಯಿಂದಲೇ ಇರಬೇಕು, ವಾರ್ಸಾ ಮಾಡಿಸುವಾಗ ಆಕೆಯ ಹೆಸರನ್ನೂ ಸೇರಿಸಲಿಲ್ಲ, ವಿಧವೆಯಾಗಿ ಅದೇ ಮನೆಯಲ್ಲಿದ್ದ ತಾಯಿಯ ಹೆಸರನ್ನೂ ಸೇರಿಸಲಿಲ್ಲ.

ಹೆಣ್ಣುಮಕ್ಕಳಿಗೆ ಪಾಲು ಬಂದದ್ದು 2005ರ ತಿದ್ದುಪಡಿಯಿಂದ, ಅದಕ್ಕಿಂತ ಹಿಂದೆ ಸತ್ತವರ ಆಸ್ತಿಗೆ ಅದು ತಾಗುವುದಿಲ್ಲ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳನ್ನು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳನ್ನಾಗಿ ಮಾಡಿತು. ತಂದೆ ಸ್ವಂತ ದುಡಿಮೆಯಿಂದ ಗಳಿಸಿ, ಮೃತ್ಯುಪತ್ರ ಬರೆಯದೆ ತೀರಿಕೊಂಡ ಆಸ್ತಿಯ ವಿಷಯವೇ ಬೇರೆ. ಅಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಾನ ಪಾಲುದಾರರು ಎಂಬುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿಯೇ ಇದೆ. ಹಾಗಾಗಿ 1976ರಲ್ಲಿ ತಂದೆ ಕಣ್ಣುಮುಚ್ಚಿದ ದಿನವೇ ಆ ಮಗಳಿಗೆ ಮನೆಯಲ್ಲಿ ಕಾಲು ಭಾಗ ಬಂದಿತ್ತು. ತಾಯಿಯೂ ಮೃತ್ಯುಪತ್ರವಿಲ್ಲದೆ ತೀರಿಕೊಂಡಾಗ ಆಕೆಯ ಕಾಲು ಭಾಗ ಮೂವರು ಮಕ್ಕಳಿಗೂ ಹಂಚಿಹೋಗಿ, ಮಗಳ ಪಾಲು ಮೂರರಲ್ಲಿ ಒಂದು ಆಯಿತು. ಉತಾರದಲ್ಲಿ ಹೆಸರು ಬರೆಯದಿದ್ದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ, ಏಕೆಂದರೆ ಉತಾರವಾಗಲಿ ಖಾತೆಯಾಗಲಿ ಮಾಲೀಕತ್ವವನ್ನು ಹುಟ್ಟಿಸುವ ಕಾಗದಗಳಲ್ಲ.

ಇನ್ನೊಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಕುಟುಂಬ ವಾಸಿಸುವ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂಬ ನಿರ್ಬಂಧ ಆ ಕಾಯ್ದೆಯ 23ನೆಯ ಕಲಮಿನಲ್ಲಿತ್ತು. ಹಳಬರು ಈಗಲೂ ಅದನ್ನೇ ಹೇಳುತ್ತಾರೆ, ನಮಗೆ ಮಾರಿದವರೂ ನೋಟಿಸು ಬಂದಾಗ ಅದನ್ನೇ ಹೇಳಿ ಧೈರ್ಯ ತುಂಬಿದರು. ಆ ಕಲಮನ್ನು 2005ರ ತಿದ್ದುಪಡಿ ತೆಗೆದುಹಾಕಿದೆ.

ಹಾಗಾದರೆ ನಾವು ಪರಿಶೀಲಿಸಿದ್ದಾದರೂ ಏನು? ಮೂವತ್ತು ವರ್ಷಗಳ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿದೆವು. ಅದರಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಬರುತ್ತವೆ. ಒಬ್ಬರು ಸತ್ತದ್ದು, ಅವರಿಗೆ ಎಷ್ಟು ಮಕ್ಕಳಿದ್ದರು ಎಂಬುದು, ನೋಂದಣಿಯಾಗದ ಮೃತ್ಯುಪತ್ರ, ಬಿಳಿ ಹಾಳೆಯ ವಾಟ್ನಿ, ಇವು ಯಾವುವೂ ಅದರಲ್ಲಿ ಕಾಣುವುದಿಲ್ಲ. ನಮ್ಮ ಮನೆಯ ಮಟ್ಟಿಗೆ ಮುಖ್ಯವಾದ ಘಟನೆ ನಡೆದದ್ದು ಆ ಮೂವತ್ತು ವರ್ಷಗಳಿಗೂ ಹಿಂದೆ. ಬ್ಯಾಂಕು ಸಾಲ ಕೊಟ್ಟಿತು ಎಂದ ಮೇಲೆ ಕಾಗದಪತ್ರ ಗಟ್ಟಿ ಎಂದು ಭಾವಿಸಿದ್ದು ನಮ್ಮ ಇನ್ನೊಂದು ತಪ್ಪು. ನಮ್ಮ ಕಡತದಲ್ಲಿ ಬ್ಯಾಂಕಿನ ವಕೀಲರು ನೋಡಿದ್ದೂ ಅದೇ ಮೂವತ್ತು ವರ್ಷಗಳನ್ನೇ.

1938ರ ಖರೀದಿ ಪತ್ರದ ನಕಲು ನಮ್ಮ ಬಳಿ ಮೊದಲಿನಿಂದಲೂ ಇತ್ತು. ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು; ಪತ್ರ ಮೋಡಿ ಲಿಪಿಯ ಮರಾಠಿಯಲ್ಲಿತ್ತು. ಮೇಲುಗೆರೆಯ ಕೆಳಗೆ ಲೇಖಣಿ ಎತ್ತದೆ ಬರೆದುಕೊಂಡು ಹೋದಂಥ ಆ ಸಾಲುಗಳಲ್ಲಿ ಒಂದಕ್ಷರವೂ ನಮಗೆ ತಿಳಿಯುತ್ತಿರಲಿಲ್ಲ, ನಮ್ಮ ವಕೀಲರಿಗೂ ತಿಳಿಯುತ್ತಿರಲಿಲ್ಲ. ಹಳೆಯ ಕಾಗದ, ಬೇಕಾಗುವುದಿಲ್ಲ ಎಂದು ಕಡತದ ತಳದಲ್ಲಿಟ್ಟೆವು. ದಾವೆಯಲ್ಲಿ ನಮ್ಮ ಕಡೆಯಿಂದ ಇದು ಪಿತ್ರಾರ್ಜಿತ ಆಸ್ತಿ, ತಂದೆ ತೀರಿಕೊಂಡದ್ದು 2005ಕ್ಕೆ ಮೊದಲಾದ್ದರಿಂದ ಮಗಳ ಪಾಲು ಬಹಳ ಚಿಕ್ಕದು ಎಂದು ವಾದಿಸಲು ಹೊರಟಾಗ ಎದುರಿನವರು ಆ ಪತ್ರದ ಅನುವಾದವನ್ನು ಹಾಜರುಪಡಿಸಿದರು. ಕೊಂಡವರು ತಮ್ಮ ಸ್ವಂತ ವ್ಯಾಪಾರದ ಗಳಿಕೆಯಿಂದ ಹಣ ಕೊಟ್ಟಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ಮೋಡಿ ಬಲ್ಲವರು ಈಗ ವಿರಳ, ಆದರೂ ಹುಡುಕಿದರೆ ಸಿಗುತ್ತಾರೆ. ಓದಲು ಬಾರದ ಪತ್ರವೊಂದು ಕಡತದಲ್ಲಿದ್ದರೆ ಅದನ್ನು ಓದಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಳೆಯ ಮನೆಯ ಪ್ರತಿಯೊಬ್ಬ ಮಾಲೀಕರ ಹೆಸರಿನ ಮುಂದೆಯೂ ಆ ಆಸ್ತಿ ಅವರಿಗೆ ಹೇಗೆ ಬಂತು ಮತ್ತು ಅವರಿಂದ ಹೇಗೆ ಹೋಯಿತು ಎಂಬುದನ್ನು ಬರೆದುಕೊಳ್ಳಿ. "ವಾರ್ಸಾ" ಎಂಬ ಮಾತು ಬಂದಲ್ಲಿ ನಿಂತು, ಅವರ ಮರಣದ ಪ್ರಮಾಣಪತ್ರ ಮತ್ತು ವಂಶಾವಳಿಯನ್ನು ಕೇಳಿ. ವಂಶಾವಳಿಯನ್ನು ಮಾರುವವರೇ ಹೇಳಿ ಬರೆಸಿರುತ್ತಾರಾದ್ದರಿಂದ ಅದೊಂದನ್ನೇ ನೆಚ್ಚಬೇಡಿ. ಓಣಿಯ ಹಿರಿಯರ ಕಟ್ಟೆಯ ಮೇಲೆ ಅರ್ಧ ಗಂಟೆ ಕುಳಿತು, ಆ ಮನೆಯಲ್ಲಿ ಹೆಣ್ಣುಮಕ್ಕಳು ಎಷ್ಟು, ಯಾವ ಊರಿಗೆ ಕೊಟ್ಟಿದ್ದಾರೆ ಎಂದು ವಿಚಾರಿಸಿ. ನಾವು ಖರೀದಿಸಿದ ಮೇಲೆ ಪಕ್ಕದ ಮನೆಯ ಅಜ್ಜಿಯೊಬ್ಬರು ನನ್ನ ಹೆಂಡತಿಗೆ ಮಿರಜಿನ ಮಗಳ ಮದುವೆಯ ಊಟವನ್ನು ವರ್ಣಿಸಿ ಹೇಳಿದರು. ಆ ಮಾತು ಖರೀದಿಗೆ ಮೊದಲೇ ನಮ್ಮ ಕಿವಿಗೆ ಬೀಳಬಹುದಿತ್ತು. ನಾವು ಕೇಳಲಿಲ್ಲ, ಅಷ್ಟೆ. ಹೆಣ್ಣುಮಕ್ಕಳೋ ಅವರ ಮಕ್ಕಳೋ ಇದ್ದರೆ ಅವರೂ ಮಾರಾಟಗಾರರಾಗಿ ಸಹಿ ಮಾಡಬೇಕು, ಇಲ್ಲವೇ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವನ್ನು ಮೊದಲೇ ಮಾಡಿಕೊಟ್ಟಿರಬೇಕು. "ನಮ್ಮ ತಂಗಿ ಏನೂ ಕೇಳುವುದಿಲ್ಲ" ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ಖರೀದಿಗೆ ಮೊದಲು ಆಕ್ಷೇಪಣೆ ಕರೆಯುವ ಜಾಹೀರು ನೋಟಿಸನ್ನು ಅವರು ಇರುವ ಊರಿನಲ್ಲಿ ಓದುವ ಪತ್ರಿಕೆಯಲ್ಲಿಯೂ ಹಾಕಿಸಿ.

ಮಿರಜಿನವರ ಮೇಲೆ ನನಗೆ ಕೋಪವಿಲ್ಲ. ನ್ಯಾಯಾಲಯದಲ್ಲಿ ಒಮ್ಮೆ ಎದುರಾದಾಗ ಆಕೆಯ ಮಗಳು, ಪಡಸಾಲೆಯ ತೊಲೆಗೆ ಈಗಲೂ ತೊಟ್ಟಿಲಿನ ಕೊಂಡಿ ಇದೆಯೇ ಎಂದು ಕೇಳಿದರು. ಇದೆ ಎಂದೆ.

ಮಾರಿದವರಿಂದ ನಷ್ಟ ತುಂಬಿಸಿಕೊಳ್ಳುವ ಕರಾರು ನಮ್ಮ ಖರೀದಿ ಪತ್ರದಲ್ಲಿದೆ, ಆದರೆ ಅದನ್ನು ಜಾರಿಗೆ ತರಲು ಬೇರೆ ದಾವೆ ಹೂಡಬೇಕು. ಅವರೋ ಊರು ಬಿಟ್ಟಿದ್ದಾರೆ. ದಾವೆ ಮುಗಿಯುವವರೆಗೆ ಮನೆಯನ್ನು ಮಾರುವಂತಿಲ್ಲ, ಕಟ್ಟಡವನ್ನು ಬದಲಿಸುವಂತಿಲ್ಲ ಎಂದು ಯಥಾಸ್ಥಿತಿಯ ಆದೇಶವಾಗಿದೆ, ಸಾಲದ ಕಂತು ಮಾತ್ರ ತಿಂಗಳು ತಿಂಗಳು ಹೋಗುತ್ತಿದೆ. ಹಿಂದಿನ ಮಳೆಗಾಲದಲ್ಲಿ ದೇವರ ಮನೆಯ ಮೇಲಿನ ಹೆಂಚು ಒಡೆದು, ಗೋಡೆಯ ಮಣ್ಣು ಕರಗಿ ಇಳಿಯಿತು. ಆ ಹೆಂಚುಗಳನ್ನಷ್ಟೇ ಬದಲಿಸಲು ಅನುಮತಿ ಬೇಡಿ ಅರ್ಜಿ ಹಾಕಿದ್ದೇವೆ. ಅದಿನ್ನೂ ವಿಚಾರಣೆಗೆ ಬಂದಿಲ್ಲ, ಸದ್ಯ ಮೇಲೆ ತಾಡಪತ್ರಿ ಹೊದಿಸಿದ್ದೇವೆ.