ರೋಟವೇಟರ್ ಶಾಫ್ಟಿನ ಅದುರು ನಿಲ್ಲಿಸಿದ ರಾಣೆಬೆನ್ನೂರಿನ ಗ್ಯಾರೇಜು

ಗೋವಿನಜೋಳದ ಬಿತ್ತನೆಗೆ ಹೊಲ ಹದ ಮಾಡುವ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ನಮ್ಮ ರೋಟವೇಟರಿಗೆ ಎಂಜಿನ್ನಿನ ತಿರುವು ಒಯ್ಯುವ ಶಾಫ್ಟ್ ಎರಡು ತಿಂಗಳೊಳಗೆ ಎರಡು ಕ್ರಾಸ್ (ಶಾಫ್ಟಿನ ತುದಿಯ ಜಾಯಿಂಟಿನ ನಡುವಿನ ನಾಲ್ಕು ಕಾಲಿನ ತುಂಡು) ತಿಂದಿತ್ತು. ಎರಡೂ ಸಲ ಬೇರೊಂದು ಕಡೆ ಹೊಸ ಕ್ರಾಸ್ ಹಾಕಿಸಿದ್ದೆ. ಪಿಟಿಒ (ಟ್ರ್ಯಾಕ್ಟರಿನ ಹಿಂದೆ ಈ ಶಾಫ್ಟನ್ನು ತಿರುಗಿಸುವ ಭಾಗ) ಹಾಕಿದ ಕೂಡಲೇ ಸೀಟಿನವರೆಗೂ ಬರುತ್ತಿದ್ದ ಅದುರಿಗೆ ಎರೆ ಮಣ್ಣಿನ ಗಟ್ಟಿ ಹೆಂಟೆಗಳೇ ಕಾರಣವೆಂದು ನಂಬಿಕೊಂಡಿದ್ದೆ. ಮೂರನೆಯ ಸಲ ರಾಣೆಬೆನ್ನೂರಿನ ಪಿ.ಬಿ. ರಸ್ತೆಯ ಬದಿಯ ಸಣ್ಣ ಗ್ಯಾರೇಜೊಂದಕ್ಕೆ ಫೋನ್ ಮಾಡಿದಾಗ, ಬರೀ ಶಾಫ್ಟ್ ತಂದರೆ ಸಾಲದು, ರೋಟವೇಟರ್ ಕಟ್ಟಿಕೊಂಡೇ ಟ್ರ್ಯಾಕ್ಟರ್ ತನ್ನಿ ಎಂದು ಮೇಸ್ತ್ರಿ ಹೇಳಿದರು.

ಅವರು ಮೊದಲು ಎಂಜಿನ್ ಆರಿಸಿ, ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡು, ಶಾಫ್ಟನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿದರು. ಆಮೇಲೆ ಲಾಕುಗಳನ್ನು ತೆಗೆದು, ವೈಸಿನಲ್ಲಿ ಒತ್ತಿ ಕ್ರಾಸಿನ ಕಾಲುಗಳ ಮೇಲಿನ ಬೇರಿಂಗ್ ಕಪ್ಪುಗಳನ್ನು ಹೊರಡಿಸಿದಾಗ, ಗ್ರೀಸ್ ಇರಬೇಕಾದ ಜಾಗದಲ್ಲಿ ಕಾವಿ ಬಣ್ಣದ ತುಕ್ಕಿನ ಪುಡಿ ಉದುರಿತು. ಕ್ರಾಸಿನ ಕಾಲುಗಳ ಮೇಲೆ ಸೂಜಿ ರೋಲರುಗಳು ಬಾಚಣಿಗೆಯಿಂದ ಗೀರಿದಂತೆ ಸಾಲುಸಾಲು ಗುರುತು ಮಾಡಿದ್ದವು. ಬೇರೆಯವರಾಗಿದ್ದರೆ ಹೊಸ ಕ್ರಾಸ್ ಹಾಕಿ ಅಲ್ಲಿಗೇ ಮುಗಿಸುತ್ತಿದ್ದರೇನೋ. ಇವರು ಶಾಫ್ಟನ್ನು ನೆಲದ ಮೇಲೆ ಮಲಗಿಸಿ, "ಕ್ರಾಸಿನ ತಪ್ಪಲ್ರಿ ಅಣ್ಣಾರ, ಜೋಡ್ಸಿದ್ದು ತಪ್ಪೈತ್ರಿ" ಎಂದು ಕೊಳವೆಯ ಎರಡೂ ತುದಿಯ ಯೋಕುಗಳನ್ನು, ಅಂದರೆ ಕ್ರಾಸನ್ನು ಹಿಡಿಯುವ ಎರಡು ಕಿವಿಯ ಕವೆಗಳನ್ನು, ತೋರಿಸಿದರು. ಒಂದರ ಕಿವಿಗಳು ನಿಂತಿದ್ದವು, ಇನ್ನೊಂದರವು ಮಲಗಿದ್ದವು.

ನಮ್ಮದು ಚೌಕ ಕೊಳವೆಯ ಶಾಫ್ಟ್ ಆದ್ದರಿಂದ ಕಾಲು ಸುತ್ತು ತಪ್ಪಿದರೂ ಅದು ಒಂದರೊಳಗೊಂದು ಸಲೀಸಾಗಿ ಕೂರುತ್ತದೆ. ಆದರೆ ಓರೆಯಾಗಿ ತಿರುಗುವ ಜಾಯಿಂಟು ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಸಿ ಇಳಿಸುತ್ತದೆ. ಪಿಟಿಒ ನಿಮಿಷಕ್ಕೆ 540 ಸುತ್ತು ಸಮನಾಗಿ ಕೊಡುತ್ತಿದ್ದರೂ, 20 ಡಿಗ್ರಿ ಓರೆಯಿದ್ದರೆ ಜಾಯಿಂಟಿನ ಆಚೆಗೆ ಆ ವೇಗ ಸುಮಾರು 507ರಿಂದ 575ರವರೆಗೆ ತುಯ್ಯುತ್ತದೆ. ಒಳಗಿನ ಎರಡೂ ಯೋಕುಗಳ ಕಿವಿಗಳು ಒಂದೇ ನೇರದಲ್ಲಿದ್ದು, ಎರಡೂ ಕಡೆಯ ಓರೆ ಸಮನಾಗಿದ್ದರೆ ಮಾತ್ರ ಎರಡನೆಯ ಜಾಯಿಂಟು ಈ ತುಯ್ತವನ್ನು ಅಳಿಸಿಹಾಕುತ್ತದೆ. ನಮ್ಮ ಶಾಫ್ಟಿನಲ್ಲಿ ಅದು ಅಳಿಯುವ ಬದಲು ಇಮ್ಮಡಿಯಾಗಿ ಕ್ರಾಸುಗಳನ್ನು ಜಜ್ಜುತ್ತಿತ್ತು. ಇಷ್ಟನ್ನು ನನಗೆ ಯಾರೂ ಮೊದಲು ತಿಳಿಸಿ ಹೇಳಿರಲಿಲ್ಲ ಎಂಬುದು ಈಗಲೂ ಬೇಸರ.

ಕಿವಿಗಳನ್ನು ನೇರ ಮಾಡಿ, ಎರಡೂ ಕ್ರಾಸ್ ಬದಲಿಸಿದ ಮೇಲೆ ಅವರು ರೋಟವೇಟರನ್ನು ಎತ್ತಿ ಇಳಿಸಿ ಉದ್ದ ಅಳೆದರು. ಅತಿ ಕುಗ್ಗಿದಾಗಲೂ ಕೊಳವೆ ತುದಿಗೆ ತಾಗದಂತೆ ಒಂದು ಇಂಚು ಬಿಡುವು ಇರಬೇಕು, ಹಿಗ್ಗಿದಾಗ ಕೊಳವೆಯ ಮೂರನೇ ಒಂದು ಭಾಗವಾದರೂ ಒಳಗೆ ಉಳಿಯಬೇಕು. ಭಾರ ಮಿತಿ ಮೀರಿದರೆ ತಾನೇ ಮುರಿದು ಉಳಿದದ್ದನ್ನು ಕಾಯುವ ಶಿಯರ್ ಬೋಲ್ಟಿನ ಜಾಗದಲ್ಲಿ ಯಾರೋ ಹಾಕಿದ್ದ ಗಟ್ಟಿ ಬೋಲ್ಟನ್ನೂ ತೆಗೆದು ಸರಿಯಾದದ್ದನ್ನು ಹಾಕಿದರು.

ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಗಾರ್ಡ್ ಒಡೆದು ವರ್ಷವಾಗಿತ್ತು. ಅದಿಲ್ಲದೆ ಶಾಫ್ಟ್ ಕೊಡಲು ಅವರು ಒಪ್ಪಲೇ ಇಲ್ಲ. 540 ಸುತ್ತೆಂದರೆ ಸೆಕೆಂಡಿಗೆ ಒಂಬತ್ತು. ಪಂಚೆಯ ಅಂಚೋ ಟವೆಲ್ಲೋ ಸಿಕ್ಕಿಕೊಂಡರೆ ಕೂಗುವಷ್ಟೂ ಹೊತ್ತು ಸಿಗದು. ಆ ಹಟಕ್ಕಾಗಿ ನಾನು ಅವರಿಗೆ ಋಣಿ.

ಕೊರತೆಗಳೂ ಇವೆ. ಗಾರ್ಡ್ ಅಂಗಡಿಯಲ್ಲಿರಲಿಲ್ಲವಾದ್ದರಿಂದ ಎರಡು ದಿನ ಕಾಯಬೇಕಾಯಿತು, ಕೇಳಿದರೂ ಬಿಲ್ ಬರೆದುಕೊಡಲಿಲ್ಲ. ಗಾರ್ಡ್ ಬಿಟ್ಟು, ಕ್ರಾಸ್, ಬೋಲ್ಟ್, ಕೂಲಿ ಎಲ್ಲ ಸೇರಿ 2,400 ರೂಪಾಯಿ ಆಯಿತು. ಹಿಂದಿನ ಎರಡು ರಿಪೇರಿಗೆ ನಾನು ಕೊಟ್ಟದ್ದು ಇದಕ್ಕಿಂತ ಹೆಚ್ಚು.

ಅಲ್ಲಿಂದೀಚೆಗೆ ಹನ್ನೆರಡು ಎಕರೆ ಹೊಡೆದಿದ್ದೇನೆ. ಅವರು ಹೇಳಿದಂತೆ ಎಂಟು ಗಂಟೆಗೊಮ್ಮೆ ಎಂಜಿನ್ ಆರಿಸಿ ಗ್ರೀಸ್ ತುಂಬುತ್ತೇನೆ. ಆಗ ಕಪ್ಪುಗಳನ್ನು ಮುಟ್ಟಿ ನೋಡಿದರೆ ಬೆಚ್ಚಗಿರುತ್ತವೆಯೇ ಹೊರತು ಮೊದಲಿನಂತೆ ಕೈ ಸುಡುವುದಿಲ್ಲ.